ನಿಂತ ಬಣ್ಣ

ಜನವರಿ ೯

ಪ್ರೀತಿಯ ಬೆಕ್ಕಿನಮರಿಗೆ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಕೈಸೇರಿತು. ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಇರುವುದೊಂದು ಕಣ್ಣು, ಅದಕ್ಕೂ ಒತ್ತಡದ ಕಾಯಿಲೆ ಎಂಬುದನ್ನು ನೆಗಡಿಯಾಗಿದೆ ಎನ್ನುವಷ್ಟು ಸಲೀಸಾಗಿ ಬರೆದುಬಿಟ್ಟಿದ್ದೀಯಲ್ಲ! ಫೋನು ಮಾಡೋಣವೆಂದರೆ ನನ್ನ ಕಿವಿಯ ಸಂಗತಿ ನಿನಗೇ ಗೊತ್ತು. ನೀನು ಅಳುತ್ತಿದ್ದರೂ ನನಗೆ ನಕ್ಕ ಹಾಗೆ ಕೇಳಿಸುತ್ತದೆ. ಕಾಗದವೇ ವಾಸಿ.

ನಿನ್ನ ಡಾಕ್ಟರು ಬರೆದುಕೊಟ್ಟ ಹನಿಯ ಹೆಸರನ್ನು ಚೀಟಿಯಲ್ಲಿ ಗೀಚಿಕೊಂಡು ನಮ್ಮ ಬೀದಿಯ ಔಷಧದ ಅಂಗಡಿಗೆ ಹೋದೆ. ಲ್ಯಾಟನೊಪ್ರೋಸ್ಟ್ ಎಂದು ಹೇಳುವಷ್ಟರಲ್ಲಿ ನನ್ನ ಕಟ್ಟುಹಲ್ಲು ಕಳಚಿ ಬೀಳುವುದರಲ್ಲಿತ್ತು. ಅಂಗಡಿಯವನು ನಕ್ಕ.

"ಯಜಮಾನ್ರೇ, ಇದು ಪ್ರೋಸ್ಟಗ್ಲಾಂಡಿನ್ ಅನ್ನೋ ದೊಡ್ಡ ಕುಟುಂಬದ್ದು. ಮೈಯೊಳಗೇ ಹುಟ್ಟೋ ಪದಾರ್ಥ. ಅದರಲ್ಲಿ ಒಬ್ಬ ಹೆರಿಗೆ ನೋವು ಬರಿಸ್ತಾನೆ, ಒಬ್ಬ ಹೊಟ್ಟೆ ಹುಣ್ಣಾಗದ ಹಾಗೆ ಕಾಯ್ತಾನೆ, ಒಬ್ಬ ಜ್ವರ ಏರಿಸ್ತಾನೆ. ನಿಮ್ಮ ತಂಗಿಗೆ ಕೊಟ್ಟಿರೋನು ಕಣ್ಣೊಳಗಿನ ನೀರು ಹೊರಗೆ ಹೋಗೋಕೆ ದಾರಿ ಬಿಡಿಸ್ತಾನೆ. ನೀರು ಹರಿದುಹೋದ್ರೆ ಒತ್ತಡ ಇಳಿಯುತ್ತೆ, ನರ ಉಳಿಯುತ್ತೆ."

"ಅಷ್ಟು ಜನ ಇರೋ ಮನೇಲಿ ಜಗಳ ಇರಲ್ವೇನಪ್ಪಾ?" ಎಂದೆ.

"ಇರುತ್ತೆ. ಅದಕ್ಕೇ ದಿನಕ್ಕೆ ಒಂದೇ ಹನಿ. ಎರಡು ಹಾಕಿದ್ರೆ ಗುಣ ಹೆಚ್ಚಲ್ಲ, ಕಮ್ಮಿ ಆಗುತ್ತೆ. ಆದ್ರೆ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

ಕೇಳಿಸಿಕೊಂಡೆಯಾ? ಸಂಜೆ ದೀಪ ಹಾಕಿದೊಡನೆ ಒಂದು ಹನಿ. ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿ, ಇಲ್ಲದಿದ್ದರೆ ಔಷಧ ಗಂಟಲಿಗೆ ಇಳಿಯುತ್ತದಂತೆ. ಸೀಲು ಒಡೆಯದ ಸೀಸೆಯನ್ನು ಫ್ರಿಜ್ಜಿನಲ್ಲಿಡು. ಈ ಕಾಯಿಲೆ ನೋಯಿಸುವುದಿಲ್ಲ, ಬದಿಗಳಿಂದ ಮೆಲ್ಲಗೆ ತಿನ್ನುತ್ತಾ ಬರುತ್ತದೆ. ಅರ್ಧ ನರ ಆಗಲೇ ಹೋಗಿದೆ ಎಂದು ನೀನೇ ಬರೆದಿದ್ದೀಯೆ. ಉಳಿದರ್ಧ ನನಗೆ ಬೇಕು ಕಣೇ. ನಾನು ಮಾಡಿಕೊಟ್ಟ ಕಣ್ಣು ನೋಡಲು ಚೆಂದವಿದ್ದೀತು, ಅದರಿಂದ ನೋಡಲು ಬರುವುದಿಲ್ಲವಲ್ಲ.

ನಿನ್ನ
ಅಣ್ಣ

*

ಆಗಸ್ಟ್ ೨೧

ಅಣ್ಣಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಬೇಡ. ಹನಿ ತಪ್ಪಿಸಿಲ್ಲ. ಒತ್ತಡ ಇಳಿದಿದೆ. ಹೋದ ತಿಂಗಳು ಡಾಕ್ಟರು ಪರೀಕ್ಷೆ ಮಾಡಿ, "ಹೀಗೇ ಇದ್ರೆ ಇನ್ನೂ ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಬಹುದು ಟೀಚರ್" ಎಂದರು. ಒಂದನೇ ತರಗತಿಯ ಕಾಪಿಗಳನ್ನು ಅವರೊಮ್ಮೆ ನೋಡಬೇಕು. ಆಮೇಲೆ ಅದನ್ನು ಆಶೀರ್ವಾದ ಎನ್ನುತ್ತಿರಲಿಲ್ಲ.

ಆದರೆ ಬೇರೊಂದು ಸಂಗತಿ ಶುರುವಾಗಿದೆ. ಮೊದಲು ರೆಪ್ಪೆಗೂದಲು. ನಿಜದ ಕಣ್ಣಿನದು ಉದ್ದವಾಗಿ, ಕಪ್ಪಾಗಿ, ಹೊಸೆದ ಹಾಗೆ ಬೆಳೆಯಿತು. "ಯಾವ ಕಾಡಿಗೆ ಹಚ್ಚುತ್ತೀರಿ?" ಎಂದು ಜೊತೆಯ ಟೀಚರುಗಳು ಕೇಳಿದಾಗ ಹಿಗ್ಗಿದ್ದೆ. ಆಮೇಲೆ ಬಣ್ಣ. ನಮ್ಮಮ್ಮನಿಂದ ನನಗೆ ಬಂದ ಜೇನಿನ ಬಣ್ಣ, ಅಂಚಿನಲ್ಲಿ ಹಸಿರು. ಆ ಹಸಿರು ಈಗಿಲ್ಲ ಅಣ್ಣಾ. ಪಾಪೆಯ ಸುತ್ತಲಿಂದ ಕಂದು ಹಬ್ಬುತ್ತಾ ಬಂದು ಅದನ್ನು ನುಂಗಿದೆ. ಡಾಕ್ಟರನ್ನು ಕೇಳಿದರೆ, ನನ್ನಂಥ ಮಿಶ್ರ ಬಣ್ಣದ ಕಣ್ಣಿಗೆ ಈ ಹನಿಯಿಂದ ಹಾಗಾಗುವುದುಂಟು, ನೋಟಕ್ಕೇನೂ ತೊಂದರೆಯಿಲ್ಲ ಎಂದರು. ಅವರಿಗೆ ತೊಂದರೆಯಿಲ್ಲ.

ಹೋದ ವಾರ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಟೀಚರ್, ನಿಮ್ಮ ಒಂದು ಕಣ್ಣು ಬೇರೆ ಯಾರದ್ದೋ ಇದ್ದ ಹಾಗಿದೆ" ಎಂದಳು. ತರಗತಿಯಿಡೀ ನನ್ನ ಮುಖ ನೋಡಿತು. ಇಷ್ಟು ವರ್ಷ ಈ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀನು ಮಾಡಿದ ಕಣ್ಣು ಇದೆಯೆಂದು ನನಗೇ ಮರೆತುಹೋಗಿತ್ತು. ಈಗ ಬೋರ್ಡಿನ ಕಡೆ ತಿರುಗಿ ನಿಂತರೂ ಬೆನ್ನಿಗೆ ಮಾತು ಚುಚ್ಚುತ್ತದೆ. ಮೂರನೇ ವಯಸ್ಸಿನಲ್ಲಿ ಗಡ್ಡೆಗಾಗಿ ಕಣ್ಣು ತೆಗೆಸಿಕೊಂಡು ಬಂದ ಮೇಲೆ ಬೀದಿಯ ಮಕ್ಕಳು ನನ್ನನ್ನು ಏನೆಂದು ಕರೆಯುತ್ತಿದ್ದರು, ನಿನಗೆ ನೆನಪಿದೆ. ಆ ಮಾತನ್ನು ಇಲ್ಲಿ ಬರೆಯಲಾರೆ.

ಹೊಸದೊಂದು ಮಾಡಿಕೊಡುತ್ತೀಯಾ? ಫೋಟೋ ಇಟ್ಟಿದ್ದೇನೆ.

ನಿನ್ನ
ತಂಗಿ

*

ಸೆಪ್ಟೆಂಬರ್ ೩೦

ಬೆಕ್ಕಿನಮರಿಗೆ,

ನೀನು ಬಸ್ಸು ಹತ್ತಿದ ಮೇಲೆ ಮನೆಗೆ ಬಂದು ಕಿಟಕಿಯ ಪಕ್ಕದ ನಿನ್ನ ಕುರ್ಚಿಯನ್ನು ಎತ್ತಿಡಲು ಮನಸ್ಸಾಗಲಿಲ್ಲ. ಹಾಗೇ ಇದೆ. ಕೆಲಸದವಳು ಗುಡಿಸುವಾಗ ಅದನ್ನು ಸುತ್ತಿ ಹೋಗುತ್ತಾಳೆ.

ಫೋಟೋ ನೋಡಿ ಕಣ್ಣು ಮಾಡುವವನು ನಾನಲ್ಲವೆಂದು ನಿನ್ನನ್ನು ಅಷ್ಟು ದೂರ ಕರೆಸಿಕೊಂಡೆ. ಭೂತಗನ್ನಡಿ ಹಿಡಿದು ಹಗಲು ಬೆಳಕಿನಲ್ಲಿ ನೋಡಿದೆನಲ್ಲ, ನೀನು ಇಲ್ಲವೆಂದ ಹಸಿರು ಆಗಸ್ಟಿನ ಫೋಟೋದಲ್ಲಿ ಅಂಚಿಗೆ ಒಂದೆಳೆ ಇನ್ನೂ ಇತ್ತು. ನೀನು ಬಂದು ಕೂತಾಗ ಅದೂ ಇರಲಿಲ್ಲ. ನೀನು ಹಟ ಹಿಡಿದೆ: "ಈಗಿರೋ ಬಣ್ಣಕ್ಕೇ ಮಾಡು ಅಣ್ಣಾ, ಏನಾಗುತ್ತೆ?"

ಆಗ ಹೇಳಿದ್ದನ್ನೇ ಈಗ ಸಮಾಧಾನವಾಗಿ ಬರೆಯುತ್ತೇನೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಹಲ್ಲಿನ ಡಾಕ್ಟರರ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡಿಕೊಂಡಿದ್ದವನು ನಾನು. ಆಸ್ಪತ್ರೆಯವರು ನಿನಗೆ ಹಾಕಿ ಕಳಿಸಿದ್ದ ಕಣ್ಣು ಗೋಲಿಯ ಹಾಗೆ ನೆಟ್ಟಗೆ ದಿಟ್ಟಿಸುತ್ತಿತ್ತು. ನೀನು ಊಟಕ್ಕೆ ಕೂತಾಗ ಅಪ್ಪ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ಹಲ್ಲಿಗೆ ಬಳಸುವ ಅದೇ ಪುಡಿ, ಅದೇ ದ್ರಾವಣ ತಂದು, ರಕ್ತನಾಳಕ್ಕೆ ಅಮ್ಮನ ಕೆಂಪು ರೇಷ್ಮೆದಾರದ ಎಳೆ ಬಿಡಿಸಿ, ಕೆಡಿಸಿ ಕೆಡಿಸಿ ಕಲಿತೆ. ಆಮೇಲೆ ಎಷ್ಟೋ ಜನಕ್ಕೆ ಮಾಡಿಕೊಟ್ಟೆ. ಆ ಕೆಡಿಸಾಟದಿಂದ ನನಗೆ ದಕ್ಕಿದ್ದು ಒಂದೇ ನಿಯಮ: ಓಡುತ್ತಿರುವ ಬಣ್ಣಕ್ಕೆ ಕುಂಚ ಹಚ್ಚಬಾರದು. ಗಾಯದ ಕೆಂಪು ಇಳಿಯದೆ, ಕಾಮಾಲೆಯ ಹಳದಿ ಹೋಗದೆ ನಾನು ಯಾರಿಗೂ ಮಾಡಿಲ್ಲ. ಇವತ್ತು ಹೊಂದಿಸಿ ಕೊಟ್ಟದ್ದು ಮೂರು ತಿಂಗಳಿಗೆ ಬೇರೆಯಾದರೆ ಆ ಮನುಷ್ಯ ಎರಡು ಸಲ ಕಣ್ಣು ಕಳೆದುಕೊಂಡ ಹಾಗೆ.

"ಹಾಗಾದ್ರೆ ಬಣ್ಣ ನಿಲ್ಲಬೇಕು" ಎಂದೆ ನೀನು.

"ನಿಲ್ಲಲಿ. ನಿಂತ ಮೇಲೆ ಬಾ" ಎಂದೆ ನಾನು.

"ಹನಿ ಹಾಕ್ತಾ ಇದ್ರೆ ನಿಲ್ಲುತ್ತಾ?"

"ಅದನ್ನ ನಿನ್ನ ಡಾಕ್ಟರನ್ನ ಕೇಳು. ನಂಗೆ ಗೊತ್ತಿರೋದು ಕುಂಚ ಒಂದೇ."

ಆಮೇಲೆ ನೀನು ಕಾಫಿ ಮಾಡಲು ಎದ್ದುಹೋದೆ. ಸಕ್ಕರೆ ಹಾಕುವುದನ್ನು ಮರೆತಿದ್ದೆ. ನಾನು ಹಾಗೇ ಕುಡಿದೆ.

ನಿನ್ನ
ಅಣ್ಣ

*

ಡಿಸೆಂಬರ್ ೧೨

ಅಣ್ಣಾ,

ಬಣ್ಣ ನಿಂತಿದೆ! ವಾರಕ್ಕೊಂದು ಸಲ ಅದೇ ಕಿಟಕಿ, ಅದೇ ಹೊತ್ತಿಗೆ ಪುಟ್ಟಿಯ ಕೈಲಿ ಫೋಟೋ ತೆಗೆಸಿ ಸಾಲಾಗಿ ಇಟ್ಟು ನೋಡಿದ್ದೇನೆ. ನಿನ್ನ ತಂಗಿಯಲ್ಲವೇ. ಹಳೆಯ ಹಸಿರು ವಾಪಸು ಬಂದೀತೆಂದು ಒಳಗೊಳಗೆ ಒಂದಾಸೆಯಿತ್ತು, ಬರಲಿಲ್ಲ. ಹೋಗಲಿ. ಮುಂದೆಯಂತೂ ಓಡಿಲ್ಲ. ರಜೆ ಸಿಕ್ಕಿದೊಡನೆ ಬರುತ್ತೇನೆ.

ಶಾಲೆಯಲ್ಲಿ ಎಲ್ಲ ಚೆನ್ನಾಗಿದೆ. ಗೋಡೆಬದಿಯ ಬೆಂಚಿನ ತುಂಟರೆಲ್ಲ ಈಚೆಗೆ ಬಹಳ ಒಳ್ಳೆಯವರಾಗಿದ್ದಾರೆ. ಅವರ ಗಲಾಟೆ ಕೇಳಿಸುತ್ತದೆ, ಮಾಡುವವರೇ ಕಾಣುವುದಿಲ್ಲ. ಬಾಗಿಲ ಚೌಕಟ್ಟಿಗೆ ಎರಡು ಸಲ ಭುಜ ಬಡಿದುಕೊಂಡೆ. "ಅಮ್ಮಾ, ದಪ್ಪ ಆಗಿದ್ದೀಯ, ಅದಕ್ಕೇ" ಎನ್ನುತ್ತಾಳೆ ಪುಟ್ಟಿ. ಬೇಕರಿಯಲ್ಲಿ ಕೆಲಸಕ್ಕಿರುವವಳು ಅವಳು, ದಿನಾ ಮನೆಗೆ ಬನ್ನು ಹೊತ್ತು ತರುವವಳೂ ಅವಳೇ, ದಪ್ಪವಾದ ತಪ್ಪು ಮಾತ್ರ ನನ್ನದು.

ನಿನ್ನ
ತಂಗಿ

*

ಜನವರಿ ೧೭

ಬೆಕ್ಕಿನಮರಿಗೆ,

ನೀನು ಹೋದ ಮಾರನೆಯ ದಿನವೇ ಕೆಲಸ ಶುರುಮಾಡಿದೆ. ನಿಜಕ್ಕೂ ನಿಂತಿದೆ ಕಣೇ ಬಣ್ಣ! ಸೆಪ್ಟೆಂಬರಿನಲ್ಲಿ ನಾನು ಬರೆದಿಟ್ಟ ಮಾದರಿಯ ಪಕ್ಕ ಹಿಡಿದು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನೊಂದನ್ನು ಗಮನಿಸಿದೆಯಾ? ಆ ಕಡೆಯ ರೆಪ್ಪೆಗೂದಲು ಕೂಡ ಮೊದಲಿನ ಹಾಗೆ ಗಿಡ್ಡವಾಗಿದೆ. ಎರಡೂ ಕಡೆ ಸರಿಸಮ. ರೆಪ್ಪೆಯನ್ನು ಹೇಗಪ್ಪಾ ಹೊಂದಿಸಲಿ ಎಂಬ ಚಿಂತೆಯಲ್ಲಿದ್ದೆ, ತಾನೇ ಸರಿಹೋಯಿತು. ನಮ್ಮ ಅದೃಷ್ಟ.

ನೀನು ಮಾತ್ರ ದಣಿದ ಹಾಗಿದ್ದೀಯೆ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡೆ. ಮುದುಕ ನಾನು, ಹಿಡಿದುಕೊಳ್ಳಬೇಕಾದವನು ನಾನು! ಪ್ರೀತಿ ಉಕ್ಕಿದೆ ಎಂದುಕೊಂಡು ಖುಷಿಪಟ್ಟೆ.

ಒಂದೇ ತೊಡಕು, ಕೈ ನಡುಗುತ್ತದೆ. ಬಣ್ಣದ ಬಿಲ್ಲೆಗೆ ನೂರಾರು ಗೆರೆ ಎಳೆಯಬೇಕು, ಪಾಪೆಯಿಂದ ಅಂಚಿನವರೆಗೆ, ಒಂದರ ಮೇಲೊಂದು ಪದರ. ಎರಡು ಬಿಲ್ಲೆ ಕೆಟ್ಟವು. ಬೆಳಿಗ್ಗೆ ಕೈ ಸ್ವಲ್ಪ ಮಾತು ಕೇಳುತ್ತದೆ, ಅಷ್ಟು ಹೊತ್ತು ಮಾತ್ರ ಕೂರುತ್ತೇನೆ. ನಿಧಾನವಾದರೂ ಚಿಂತೆಯಿಲ್ಲ, ಬಣ್ಣ ಹೇಗಿದ್ದರೂ ನಿಂತಿದೆಯಲ್ಲ.

ನಿನ್ನ
ಅಣ್ಣ

*

ಮಾರ್ಚ್ ೫

ಅಣ್ಣಾ,

ಎಷ್ಟಾಯಿತು? ಬೇಗ ಮುಗಿಸು. ಹೇಗಿದ್ದರೂ ಸಾಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಯಾರು ನೋಡುತ್ತಾರೆ? ನನಗೆ ಅದು ಬೇಗ ಕೈಗೆ ಬರಬೇಕು ಅಣ್ಣಾ. ಕಾರಣ ಕೇಳಬೇಡ.

ತಂಗಿ

*

ಮಾರ್ಚ್ ೧೪

ಬೆಕ್ಕಿನಮರಿಗೆ,

"ಹೇಗಿದ್ದರೂ ಸಾಕು" ಎಂಬ ಮಾತನ್ನು ನಿನ್ನಿಂದ ಕೇಳಬೇಕಾಯಿತೇ? ಹೇಗಿದ್ದರೂ ಸಾಕಾಗಿದ್ದರೆ ಆಸ್ಪತ್ರೆಯ ಗೋಲಿಯೇ ಸಾಕಿತ್ತಲ್ಲ. ಇದು ನನ್ನ ಕೊನೆಯ ಕಣ್ಣು. ಇದಾದ ಮೇಲೆ ಕುಂಚಗಳನ್ನು ತೊಳೆದಿಟ್ಟುಬಿಡುತ್ತೇನೆ. ಯಾರು ಎಷ್ಟು ಹತ್ತಿರ ಬಂದು ನೋಡಿದರೂ ಯಾವುದು ನಿಜ, ಯಾವುದು ನನ್ನದು ಎಂದು ತಿಳಿಯಬಾರದು. ಹಾಗೆ ಮಾಡದೆ ಕಳಿಸುವುದಿಲ್ಲ.

ನಾಲ್ಕನೆಯದನ್ನೂ ನಿನ್ನೆ ಒಡೆದುಹಾಕಿದೆ. ಚೆನ್ನಾಗಿಯೇ ಇತ್ತು, ಆದರೆ ಕಂದಿನೊಳಗೆ ಜೀವವಿರಲಿಲ್ಲ.

ಅಂದಹಾಗೆ, ನಿನ್ನ ಕಾಗದದ ಸಾಲುಗಳೆಲ್ಲ ಇಳಿಜಾರಿನಲ್ಲಿ ಜಾರಿಹೋಗಿವೆ. ಒಂದನೇ ತರಗತಿಯವರ ಕೈಬರಹ ನಿನಗೂ ಅಂಟಿತೋ ಹೇಗೆ?

ನಿನ್ನ
ಅಣ್ಣ

*

ಮೇ ೧೯

ಮಾಮ,

ನಾನು ಪುಟ್ಟಿ. ನೀವು ಕಳಿಸಿದ ಡಬ್ಬಿ ಮೊನ್ನೆ ಬಂತು. ಅದಕ್ಕೆ ಮೂರು ದಿನ ಮೊದಲು, ರಜೆಯಲ್ಲೂ ಕೆಲಸವಿದೆಯೆಂದು ಹೋದ ಅಮ್ಮ ಶಾಲೆಯ ಜಗಲಿಯಿಂದ ಕೆಳಗೆ ಬಿದ್ದರು. ಮೂಳೆ ಮುರಿದಿಲ್ಲ. ಜಗಲಿ ಅಲ್ಲಿಗೆ ಮುಗಿಯುತ್ತದೆ ಎಂದು ಅವರಿಗೆ ಕಾಣಲಿಲ್ಲ, ಅಷ್ಟೆ.

ಕಣ್ಣಿನ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ಒತ್ತಡ ನೋಡಿ, ಮತ್ತೊಮ್ಮೆ ನೋಡಿ, "ಹನಿ ಹಾಕ್ತಾ ಇದ್ದೀರಾ?" ಎಂದರು. ಅಮ್ಮ ಹೂಂ ಎಂದರು. "ಸುಳ್ಳು ಹೇಳಬೇಡಿ ಟೀಚರ್" ಎಂದರು ಡಾಕ್ಟರು. ಅಮ್ಮನಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಮ್ಮ ಕೈಕಟ್ಟಿ ಕೂತರು, ಅವರ ತರಗತಿಯ ಮಕ್ಕಳು ಕೂರುವ ಹಾಗೆ.

ನಿಮ್ಮಲ್ಲಿಗೆ ಬಂದು ಹೋದ ಸೆಪ್ಟೆಂಬರಿನಿಂದಲೇ ನಿಲ್ಲಿಸಿದ್ದರಂತೆ. "ಅಣ್ಣ ಕಣ್ಣು ಮಾಡಿ ಮುಗಿಸೋವರೆಗೆ ಬಣ್ಣ ನಿಲ್ಲಬೇಕಿತ್ತು, ಆಮೇಲೆ ಮತ್ತೆ ಶುರುಮಾಡೋಣ ಅಂದ್ಕೊಂಡೆ" ಎಂದರು. ಒಂದು ಬಿಟ್ಟು ತಂದ ಸೀಸೆಗಳೆಲ್ಲ ಸೀಲು ಒಡೆಯದೆ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಹಿಂದೆ ಸಾಲಾಗಿವೆ. ದಿನಾ ಬೆಣ್ಣೆ ತೆಗೆಯುವವಳು ನಾನು. ಈ ವರ್ಷ ಹೊಸ ಸೀಸೆ ತರುವುದನ್ನೂ ಬಿಟ್ಟಿದ್ದರು. ಅದನ್ನೂ ನಾನು ನೋಡಲಿಲ್ಲ. ಮಾರ್ಚಿನಲ್ಲಿ ಭಯವಾಗಿ ದಿನಕ್ಕೆ ಮೂರು ಮೂರು ಸಲ ಹಾಕಿಕೊಂಡರಂತೆ. ಅದರಿಂದ ಪ್ರಯೋಜನವಾಗಲಿಲ್ಲ, ಕಣ್ಣು ಕೆಂಪಾಯಿತು. ನೀವು ಮಾಡುತ್ತಿರುವ ಕಣ್ಣಿಗೆ ಈ ಕೆಂಪು ಹೊಂದುವುದಿಲ್ಲವೆಂದು ಅದನ್ನೂ ಬಿಟ್ಟರಂತೆ.

ಸತ್ತ ನರ ಮತ್ತೆ ಹುಟ್ಟುವುದಿಲ್ಲ ಎಂದರು ಡಾಕ್ಟರು. ಬದಲಾದ ಬಣ್ಣವೂ ಅಷ್ಟೆ. ನಿಲ್ಲಿಸಿದ್ದರಿಂದ ಹಿಂದಕ್ಕೆ ಬಂದದ್ದು ರೆಪ್ಪೆಗೂದಲೊಂದೇ. ಈಗ ಉಳಿದಿರುವುದು ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು. ಅದೂ ಹೋಗಬಾರದೆಂದರೆ ದಿನಾ ಹನಿ ಬೀಳಲೇಬೇಕು.

ಮಾಮ, ನಿಮ್ಮ ಕಣ್ಣು ಹಾಕಿದೆವು. ತುಂಬಾ ಚೆನ್ನಾಗಿದೆ. ಅದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ.

ಪುಟ್ಟಿ

*

ಮೇ ೨೬

ಪುಟ್ಟೀ, ಇದನ್ನು ನಿನ್ನಮ್ಮನಿಗೆ ಓದಿ ಹೇಳು.

ಬೆಕ್ಕಿನಮರೀ, ಗಿಡ್ಡವಾದ ರೆಪ್ಪೆಗೂದಲನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆನಲ್ಲೇ. ನೋಡಿ ಅದೃಷ್ಟ ಎಂದೆ. ಹನಿಯಿಂದ ಬೆಳೆದ ಕೂದಲು ಹನಿ ಬಿಟ್ಟರೆ ಗಿಡ್ಡವಾಗುತ್ತದೆಂದು ಯೋಚಿಸಲು ಎಷ್ಟು ಹೊತ್ತು ಬೇಕಿತ್ತು? ನಿನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲ. ನಾನು ಬಣ್ಣ ನೋಡಿದೆ. ನನ್ನ ತೋಳು ಹಿಡಿದುಕೊಂಡದ್ದನ್ನು ಪ್ರೀತಿ ಎಂದೆ. ಸಾಲು ಜಾರಿದ್ದಕ್ಕೆ ತಮಾಷೆ ಮಾಡಿದೆ. ನೀನು ಬೇಗ ಬೇಗ ಎನ್ನುತ್ತಿದ್ದಾಗ ಕಂದಿನೊಳಗೆ ಜೀವವಿಲ್ಲವೆಂದು ಬಿಲ್ಲೆ ಒಡೆಯುತ್ತಾ ಕೂತೆ.

ಔಷಧದ ಅಂಗಡಿಯ ಮುಂದೆ ಈಗ ಹೋಗುವುದಿಲ್ಲ. ಆಚೆ ಬೀದಿಯಿಂದ ಸುತ್ತಿ ಬರುತ್ತೇನೆ. "ತಂಗಿ ಹೇಗಿದ್ದಾರೆ ಯಜಮಾನ್ರೇ?" ಎಂದು ಅವನು ಕೇಳಿಯೇ ಕೇಳುತ್ತಾನೆ.

ಹನಿ ಹಾಕಿಕೋ. ಬಣ್ಣ ಎಷ್ಟು ಓಡುತ್ತದೋ ಓಡಲಿ, ಕಪ್ಪಾದರೆ ಕಪ್ಪಾಗಲಿ. ಹಿಂದೆ ಹಿಂದೆ ನಾನು ಮಾಡಿಕೊಡುತ್ತಾ ಬರುತ್ತೇನೆ. ಕುಂಚ ತೊಳೆದಿಟ್ಟಿಲ್ಲ.

ಅಣ್ಣ

*

ಜೂನ್ ೧೫

ಅಣ್ಣಾ,

ಹೇಳುತ್ತಿರುವವಳು ನಾನು, ಬರೆಯುತ್ತಿರುವವಳು ಪುಟ್ಟಿ. ನಡುವೆ ಅವಳು ಮೂಗು ಸೀಟಿದರೆ ಅದು ನನ್ನ ಮಾತಲ್ಲ.

ನಿನ್ನನ್ನು ನೀನು ಬೈದುಕೊಳ್ಳುವುದನ್ನು ನಿಲ್ಲಿಸು. "ಹನಿ ಹಾಕ್ತಾ ಇದ್ರೆ ನಿಲ್ಲುತ್ತಾ?" ಎಂದು ಕೇಳಿದವಳು ನಾನು. ಡಾಕ್ಟರನ್ನು ಕೇಳು ಎಂದೆ ನೀನು. ಕೇಳಲಿಲ್ಲ, ಯಾಕೆಂದರೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಆ ಹುಡುಗಿ ಮತ್ತೆ ಎದ್ದು ನಿಲ್ಲುತ್ತಾಳೆ ಎಂಬ ಭಯ, ಕುರುಡಾಗುತ್ತೇನೆ ಎಂಬ ಭಯಕ್ಕಿಂತ ಹತ್ತಿರದಲ್ಲಿತ್ತು. ಅಷ್ಟೆ. ನನ್ನ ಪಾಲಿಗೆ ಶಾಲೆ ಮುಗಿಯಿತು. ನನ್ನ ಮೇಜಿನ ಸಾಮಾನನ್ನು ಪುಟ್ಟಿ ಒಂದು ಚೀಲದಲ್ಲಿ ತಂದಳು. ಚಾಕ್‌ಪೀಸಿನ ಡಬ್ಬಿಯನ್ನು ಯಾಕೆ ತಂದಳೋ.

ಈಗ ಒಂದು ಕೇಳಿಕೆ. ಕನ್ನಡಿ ನೋಡಿ ಹನಿ ಹಾಕಿಕೊಂಡು ಅಭ್ಯಾಸವಾದವಳಿಗೆ ಈಗ ಕೈ ಅಂದಾಜು ತಪ್ಪುತ್ತದೆ, ಹನಿ ಕೆನ್ನೆಗೆ ಬೀಳುತ್ತದೆ. ಸಂಜೆ ಹೊತ್ತು ಪುಟ್ಟಿ ಬೇಕರಿಯಲ್ಲಿ. ಹಾಗಾಗಿ ಎದುರುಮನೆಯಾಕೆ ಬಂದು ಹಾಕುತ್ತಾರೆ. ಒಳ್ಳೆಯ ಹೆಂಗಸು. ಹಾಕಬೇಕಾದದ್ದು ನನ್ನ ಎಡಗಣ್ಣಿಗೆ ಎಂದು ಪುಟ್ಟಿ ಹೇಳಿಕೊಟ್ಟಿದ್ದಾಳೆ. ಆದರೆ ಎದುರು ನಿಂತು ಹಾಕುವವರಿಗೆ ಎಡ ಬಲ ತಿರುಗುಮುರುಗು ತಾನೇ?

ಹೋದ ವಾರ ಒಂದು ಸಂಜೆ ಹನಿ ಕಣ್ಣಿಗೆ ತಣ್ಣಗೆ ತಾಗಲಿಲ್ಲ. "ಹಾಕಿದ್ರಾ?" ಎಂದೆ. "ಹಾಕಿದೆನಲ್ಲ ಟೀಚರ್, ಸರಿಯಾಗಿ ಕಣ್ಣೊಳಗೇ ಬಿತ್ತು" ಎಂದರು. ಮಾರನೆಯ ದಿನವೂ ತಣ್ಣಗೆ ತಾಗಲಿಲ್ಲ. ಕಣ್ಣು ಮರಗಟ್ಟುತ್ತಿದೆ, ಉಳಿದ ಬೆಳಕೂ ಹೊರಟಿತು ಎಂದುಕೊಂಡೆ. ಮೂರನೆಯ ದಿನ ಬಲಗೆನ್ನೆ ಒದ್ದೆಯಾಯಿತು, ಮುಟ್ಟಿ ನೋಡಿಕೊಂಡೆ. ನಿನ್ನ ಕಣ್ಣಿಗೆ ಹಾಕುತ್ತಿದ್ದರು ಅಣ್ಣಾ.

ಅವರ ತಪ್ಪಲ್ಲ. "ಎರಡನ್ನೂ ಅಗಲಿಸಿ ನೋಡ್ತೀನಿ, ಯಾವ್ದು ಅಂತ ಸತ್ಯವಾಗ್ಲೂ ಗೊತ್ತಾಗಲ್ಲ" ಎಂದು ಅತ್ತುಬಿಟ್ಟರು. ನಾನೇ ಸಮಾಧಾನ ಮಾಡಿದೆ. ಅಷ್ಟು ಚೆನ್ನಾಗಿ ಮಾಡಿದ್ದೀಯೆ ನೀನು.

ಆ ಕಣ್ಣನ್ನು ಹತ್ತಿಯಲ್ಲಿ ಸುತ್ತಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಅದರ ಮೇಲೆ ಗುರುತಾಗುವಂತೆ ಒಂದು ಚುಕ್ಕೆ ಹಾಕಿಕೊಡು. ಬೇಗ. ಯಾರ ಕಣ್ಣಿಗಾದರೂ ಬೀಳುವಷ್ಟು ದೊಡ್ಡದಿರಲಿ.

ನಿನ್ನ
ತಂಗಿ

*

ಜೂನ್ ೨೦

ಬೆಕ್ಕಿನಮರಿಗೆ,

ನಿನ್ನ ಕಾಗದ ಬಂದ ಬೆಳಿಗ್ಗೆಯೇ ಕೂತೆ. ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಗೆ ಹಿಡಿದೆ. ಕಂದಿನೊಳಗೆ ಜೀವವಿತ್ತು.

ಬಿಳಿಯ ಭಾಗದಲ್ಲಿ, ಹೊರಮೂಲೆಗೆ, ಉದ್ದಿನಕಾಳಿನಷ್ಟು ಕಪ್ಪು ಚುಕ್ಕೆ ಹಾಕಿದ್ದೇನೆ. ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಅಳಿಸಿಹೋಗದಂತೆ ಮೇಲೊಂದು ಪದರ ಕೊಟ್ಟು, ಬೇಯಿಸಿ, ಹೊಳಪು ಹಿಡಿಸಿದ್ದೇನೆ. ಎದುರುಮನೆಯಾಕೆಗೆ ಹೇಳು: ಚುಕ್ಕೆ ಇದ್ದ ಕಣ್ಣಿಗೆ ಹಾಕಬೇಡಿ, ಇನ್ನೊಂದಕ್ಕೆ ಹಾಕಿ.

ಒಂದೇ ಸಲಕ್ಕೆ ಬಂತು. ಕೈ ನಡುಗಲಿಲ್ಲ.

ಅಣ್ಣ